ಎರಡೂ ಗಂಡೇ ಏಕೆ? ಮೃಗಾಲಯಗಳು ಒಟ್ಟಾಗಿ ಪ್ರಾಣಿ ಉಳಿಸುವ ಬಗೆ

ಪ್ರಶ್ನೆ: ಮೈಸೂರು ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗೊರಿಲ್ಲಾಗಳು ಬಂದವು. ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಎರಡೂ ಗಂಡು ಎಂದು ತಿಳಿಯಿತು. ಅಳಿವಿನಂಚಿನ ಪ್ರಾಣಿಯನ್ನು ಉಳಿಸುವುದೇ ಉದ್ದೇಶವಾದರೆ ಒಂದು ಗಂಡು, ಒಂದು ಹೆಣ್ಣು ತರಬೇಕಿತ್ತಲ್ಲವೇ ಎಂದು ಹುಡುಗಿಯೊಬ್ಬಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೃಗಾಲಯಗಳು ಪರಸ್ಪರ ಪ್ರಾಣಿಗಳನ್ನು ಕೊಟ್ಟು ತೆಗೆದುಕೊಳ್ಳುವುದು ಸಂರಕ್ಷಣೆಗೋ, ಟಿಕೆಟ್ ಮಾರಾಟಕ್ಕೋ? ಹೀಗೆ ಸಾಕಿದ ಪ್ರಾಣಿ ಮರಳಿ ಕಾಡು ಸೇರಿದ್ದುಂಟೇ? ನಮ್ಮ ಸಿಂಗಳೀಕಕ್ಕೆ ಇದರಿಂದ ಏನಾದರೂ ಪ್ರಯೋಜನವಾಗಿದೆಯೇ?
– ಶಿಕ್ಷಕಿ, ಮೈಸೂರು

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಗೊರಿಲ್ಲಾ ಸಂಸಾರದಲ್ಲಿ ಬೆನ್ನು ಬೆಳ್ಳಗಾದ ಒಬ್ಬ ಯಜಮಾನ, ಅವನ ಜೊತೆ ಹಲವು ಹೆಣ್ಣುಗಳು, ಮರಿಗಳು ಇರುವುದು ವಾಡಿಕೆ. ಹುಟ್ಟುವಾಗಲಾದರೋ ಗಂಡು, ಹೆಣ್ಣು ಹೆಚ್ಚುಕಡಿಮೆ ಸಮ. ಅಂದ ಮೇಲೆ ಎಲ್ಲ ಗಂಡುಗಳಿಗೂ ಸಂಸಾರ ಸಿಗುವುದಿಲ್ಲ. ಆಫ್ರಿಕದ ಕಾಡಿನಲ್ಲಿ ಪ್ರಾಯಕ್ಕೆ ಬಂದ ಗಂಡು ಗುಂಪನ್ನು ಬಿಟ್ಟು ವರ್ಷಗಟ್ಟಲೆ ಒಂಟಿಯಾಗಿ ಅಲೆಯುತ್ತದೆ. ಮೃಗಾಲಯದಲ್ಲಿ ಅಲೆಯುವುದಕ್ಕೆ ಜಾಗವೆಲ್ಲಿ? ಅಪ್ಪನ ಆವರಣದಲ್ಲೇ ಬಿಟ್ಟರೆ ಒಂದಲ್ಲ ಒಂದು ದಿನ ರಕ್ತ ಹರಿಯುತ್ತದೆ. ಯುರೋಪಿನ ಮೃಗಾಲಯಗಳು ಸಾಕುತ್ತಿರುವ ನಾಲ್ಕು ನೂರಕ್ಕೂ ಹೆಚ್ಚು ತಗ್ಗುನಾಡಿನ ಗೊರಿಲ್ಲಾಗಳಲ್ಲಿ ಹೀಗೆ ಮಿಕ್ಕ ಗಂಡುಗಳದೇ ದೊಡ್ಡ ತಲೆನೋವು. ಅವರು ಕಂಡುಕೊಂಡ ದಾರಿಯೆಂದರೆ ಗಂಡುಗಳದೇ ಗುಂಪು ಕಟ್ಟುವುದು. ಕಣ್ಣೆದುರು ಹೆಣ್ಣಿಲ್ಲದಿದ್ದರೆ, ಚಿಕ್ಕ ವಯಸ್ಸಿನಿಂದಲೇ ಒಟ್ಟಿಗಿದ್ದರೆ, ಇಂಥ ಗುಂಪು ಬಹುಕಾಲ ಸಾಮರಸ್ಯದಿಂದ ಇರುತ್ತದೆ. ಮ್ಯೂನ್‌ಸ್ಟರ್ ನಗರದ ಮೃಗಾಲಯದಿಂದ ಬಂದ ಥಾಬೊ, ಡೆಂಬಾ ಜೋಡಿಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಎರಡು ಗಂಡುಗಳಿಗೆ ಒಳ್ಳೆಯ ಜಾಗ ಕೊಡುವ ಮೃಗಾಲಯವೊಂದು ಸಿಕ್ಕಿತೆಂದರೆ, ಮರಿ ಹಾಕುವ ಸಂಸಾರಕ್ಕೆ ಯುರೋಪಿನಲ್ಲಿ ಅಷ್ಟು ಜಾಗ ತೆರವಾಯಿತು ಎಂದೇ ಅರ್ಥ. ಮರಿ ಹುಟ್ಟದ ಆವರಣವೂ ಈ ವ್ಯವಸ್ಥೆಯ ಒಂದು ಅಂಗ. ಅಲ್ಲದೆ 2014ರಲ್ಲಿ ಸತ್ತ ಮೈಸೂರು ಮೃಗಾಲಯದ ಗೊರಿಲ್ಲಾ ಪೋಲೊ ವರ್ಷಗಟ್ಟಲೆ ಒಂಟಿಯಾಗಿ ಕಾಲ ಕಳೆದದ್ದನ್ನು ನೋಡಿದವರಿಗೆ, ಗೊರಿಲ್ಲಾಗೆ ಗೊರಿಲ್ಲಾದ ಜೊತೆ ಸಿಗುವುದೇ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಯಾವ ಪ್ರಾಣಿ ಯಾವ ಊರಿನಲ್ಲಿರಬೇಕು, ಯಾವುದು ಮರಿ ಹಾಕಬೇಕು, ಯಾವುದು ಹಾಕಬಾರದು ಎಂಬುದನ್ನು ಅದನ್ನು ಸಾಕುವ ಮೃಗಾಲಯ ತಾನೇ ತೀರ್ಮಾನಿಸುವುದಿಲ್ಲ. ಒಳ್ಳೆಯ ಮೃಗಾಲಯಗಳ ಸಹಕಾರದ ತಿರುಳು ಇದೇ ಎಂಬುದು ನನ್ನ ಅಭಿಪ್ರಾಯ. ತನ್ನ ಪ್ರಾಣಿಯ ಮೇಲಿನ ಹಕ್ಕನ್ನು ಬಿಟ್ಟುಕೊಡಲು ಒಪ್ಪಿದ ಮೃಗಾಲಯ ಸಂರಕ್ಷಣೆಯ ಮಾತಾಡಬಹುದು. ಒಪ್ಪದ ಮೃಗಾಲಯದ ಗೇಟಿನ ಮೇಲೆ ಏನೇ ಬರೆದಿದ್ದರೂ ಅದು ಪ್ರದರ್ಶನಶಾಲೆಯೇ.

ಈ ತೀರ್ಮಾನ ಒಂದು ದಾಖಲೆಯ ಮೇಲೆ ನಿಂತಿದೆ. ಅದಕ್ಕೆ ಸ್ಟಡ್‌ಬುಕ್ ಎನ್ನುತ್ತಾರೆ, ವಂಶಾವಳಿ ಪುಸ್ತಕ ಎನ್ನೋಣ. ಒಂದು ಪ್ರಭೇದಕ್ಕೆ ಒಂದು ಪುಸ್ತಕ. ನೋಡುವುದಕ್ಕೆ ಇದಕ್ಕಿಂತ ನೀರಸವಾದದ್ದು ಇನ್ನೊಂದಿಲ್ಲ: ಸಾಲು ಸಾಲಾಗಿ ಪ್ರಾಣಿಯ ಸಂಖ್ಯೆ, ಗಂಡೋ ಹೆಣ್ಣೋ, ಹುಟ್ಟಿದ ದಿನ, ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ, ಮೈಕ್ರೊಚಿಪ್, ಇದ್ದ ಊರು, ಊರು ಬದಲಾದ ದಿನ, ಸತ್ತ ದಿನ. ತಂದೆ ತಾಯಿಯ ಅಂಕಣದಲ್ಲಿ ‘ಕಾಡು’ ಎಂದಿದ್ದರೆ ಆ ಪ್ರಾಣಿ ವಂಶದ ಮೂಲ. ‘ಗೊತ್ತಿಲ್ಲ’ ಎಂದಿದ್ದರೆ ಪುಸ್ತಕ ನೋಡಿಕೊಳ್ಳುವವರ ನಿದ್ದೆ ಹಾರುತ್ತದೆ. ಆ ಒಂದು ಪದದ ಬೆನ್ನು ಹತ್ತಿ ಮೂವತ್ತು ವರ್ಷದ ಹಿಂದಿನ ಆಹಾರದ ಲೆಕ್ಕ, ರೈಲ್ವೆ ರಸೀದಿ, ನಿವೃತ್ತ ಪ್ರಾಣಿಪಾಲಕರ ನೆನಪು ಎಲ್ಲವನ್ನೂ ಕೆದಕುವುದುಂಟು.

ಕಾಡುಪ್ರಾಣಿಗೆ ಇಂಥ ಮೊದಲ ಪುಸ್ತಕ ಬಂದದ್ದು 1932ರಲ್ಲಿ, ಯುರೋಪಿನ ಕಾಡೆಮ್ಮೆಗೆ (ಬೈಸನ್). ಮೊದಲ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದು ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಮೃಗಾಲಯಗಳಲ್ಲಿ, ಶ್ರೀಮಂತರ ಬೇಲಿಗಳೊಳಗೆ ಅಲ್ಲೊಂದು ಇಲ್ಲೊಂದು ಉಳಿದವನ್ನು ದೇಶ ದೇಶಗಳ ಜನ ಕೂಡಿ ಪಟ್ಟಿ ಮಾಡಿದರು. ಇಂದು ಪೋಲೆಂಡಿನಿಂದ ಹಿಡಿದು ಹಲವು ದೇಶಗಳ ಕಾಡುಗಳಲ್ಲಿ ಮೇಯುತ್ತಿರುವ ಸಾವಿರಾರು ಕಾಡೆಮ್ಮೆಗಳು ಕೇವಲ 12 ಮೂಲ ಪ್ರಾಣಿಗಳ ಸಂತತಿ. ಈಗ ಪುಸ್ತಕಗಳು ಕಂಪ್ಯೂಟರಿಗೆ ಬಂದಿವೆ. ಜಗತ್ತಿನ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ತಮ್ಮ ಪ್ರಾಣಿಗಳ ದಾಖಲೆಯನ್ನು ಒಂದೇ ತಂತ್ರಾಂಶದಲ್ಲಿ ತುಂಬುತ್ತವೆ. ಅಮೆರಿಕದ ಮೃಗಾಲಯಗಳ ಸಂಘ 1981ರಲ್ಲಿ, ಯುರೋಪಿನ ಮೃಗಾಲಯಗಳು 1985ರಲ್ಲಿ ಪ್ರಭೇದವಾರು ಕಾರ್ಯಕ್ರಮಗಳನ್ನು ಶುರುಮಾಡಿದವು. ಒಂದೊಂದು ಪ್ರಭೇದಕ್ಕೂ ಒಬ್ಬ ಸಂಯೋಜಕ. ಯಾವುದೋ ಒಂದು ಮೃಗಾಲಯದ ನೌಕರನೇ ಆದರೂ ಆ ಪ್ರಭೇದದ ಮಟ್ಟಿಗೆ ಎಲ್ಲ ಮೃಗಾಲಯಗಳೂ ಕಿವಿಗೊಡುವುದು ಅವನ ಮಾತಿಗೆ.

ಸಂಯೋಜಕನ ಕೆಲಸ ಸಗೋತ್ರ ತಪ್ಪಿಸಿ ಸಂಬಂಧ ಕುದುರಿಸುವ ಹಿರಿಯರದ್ದೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಚೆಂದ, ಗಾತ್ರ, ಗತ್ತು ಯಾವುದಕ್ಕೂ ಬೆಲೆಯಿಲ್ಲ. ಬೆಲೆಯಿರುವುದು ಅಪರೂಪಕ್ಕೆ. ಒಂದು ಕಡೆ ಕಟ್ಟುಮಸ್ತಾದ, ಮೂವತ್ತು ಮಕ್ಕಳ ತಂದೆಯಾದ ಗಂಡಿದೆ ಎನ್ನಿ. ಇನ್ನೊಂದು ಕಡೆ ಕಾಡಿನಿಂದ ಬಂದ, ಹಲ್ಲು ಸವೆದ, ಇಂದಿಗೂ ಒಂದು ಮರಿಯನ್ನೂ ಕಾಣದ ಮುದಿಯ. ಜನ ಮೊದಲನೆಯದರ ಫೋಟೊ ತೆಗೆಯುತ್ತಾರೆ. ಸಂಯೋಜಕನಿಗೆ ಬೇಕಾದದ್ದು ಎರಡನೆಯದು. ಅದರ ರಕ್ತ ಹಿಂಡಿನಲ್ಲಿ ಇನ್ನೆಲ್ಲೂ ಇಲ್ಲ, ಅದು ಸತ್ತರೆ ಒಂದು ವಂಶವೇ ಮುಗಿಯಿತು. ಇಡೀ ಹಿಂಡಿನೊಂದಿಗೆ ಪ್ರತಿ ಪ್ರಾಣಿಗೂ ಇರುವ ನೆಂಟಸ್ತಿಕೆಯ ಸರಾಸರಿಯನ್ನು ಲೆಕ್ಕ ಹಾಕಿ, ಅತಿ ಕಡಿಮೆ ನೆಂಟಸ್ತಿಕೆಯಿರುವ ಪ್ರಾಣಿಗೆ ಮೊದಲ ಅವಕಾಶ ಕೊಡುವುದು ಈ ವಿದ್ಯೆಯ ಸೂತ್ರ. ನೂರು ವರ್ಷ ಕಳೆದರೂ ಮೂಲ ಪ್ರಾಣಿಗಳ ಆನುವಂಶಿಕ ವೈವಿಧ್ಯದಲ್ಲಿ ಶೇ 90ರಷ್ಟು ಉಳಿದಿರಬೇಕು ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ.

ಇಷ್ಟೆಲ್ಲ ಏಕೆ? ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ಕ್ಯಾಥರೀನ್ ರಾಲ್ಸ್ ಮತ್ತು ಸಂಗಡಿಗರು 1979ರಲ್ಲಿ ಹಳೆಯ ದಾಖಲೆಗಳನ್ನು ಕೂಡಿಸಿ ನೋಡಿದರು. ಗೊರಸಿನ ಪ್ರಾಣಿಗಳ 16 ಪ್ರಭೇದಗಳಲ್ಲಿ 15ರಲ್ಲಿ, ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಮರಿಗಳು ಉಳಿದವುಗಳಿಗಿಂತ ಹೆಚ್ಚಾಗಿ ಸಾಯುತ್ತಿದ್ದವು. ಎಲ್ಲ ಮೃಗಾಲಯಗಳ ಕಪಾಟಿನಲ್ಲೂ ಇದ್ದ ಮಾಹಿತಿಯೇ ಅದು. ಒಟ್ಟಿಗೆ ಸೇರಿಸಿ ಓದಿದವರು ಇರಲಿಲ್ಲ, ಅಷ್ಟೆ.

ಹಕ್ಕು ಬಿಟ್ಟುಕೊಡುವ ಮಾತಿಗೆ ಅತ್ಯುತ್ತಮ ಸಾಕ್ಷಿ ಬ್ರೆಜಿಲ್‌ನ ಚಿನ್ನದ ಬಣ್ಣದ ಸಿಂಹ ಟ್ಯಾಮರಿನ್. ಅಳಿಲಿಗಿಂತ ಒಂದಿಷ್ಟು ದೊಡ್ಡದಾದ ಕೋತಿ. ಮುಖದ ಸುತ್ತ ಕೇಸರ. ರಿಯೊ ಡಿ ಜನೈರೊ ಸುತ್ತಲಿನ ಕರಾವಳಿ ಕಾಡು ಕಡಿದು ಹೋದಂತೆ 1970ರ ದಶಕದ ಹೊತ್ತಿಗೆ ಕಾಡಿನಲ್ಲಿ ಉಳಿದದ್ದು ಕೆಲವು ನೂರು ಮಾತ್ರ. ಮೃಗಾಲಯಗಳಲ್ಲಿದ್ದವೂ ಕರಗುತ್ತಿದ್ದವು. ಮರಿಗಳು ಹುಟ್ಟಿದರೆ ತಾಯಂದಿರು ನೋಡುತ್ತಿರಲಿಲ್ಲ, ಹೆಣ್ಣು ಹೆಣ್ಣುಗಳು ಕಚ್ಚಾಡುತ್ತಿದ್ದವು. ವಾಷಿಂಗ್ಟನ್ನಿನ ಅದೇ ಮೃಗಾಲಯದಲ್ಲಿದ್ದ ಡೆವ್ರಾ ಕ್ಲೈಮನ್ ಎಂಬ ವಿಜ್ಞಾನಿ ಕೂತು ಗಮನಿಸಿದಾಗ ಗೊತ್ತಾದದ್ದು ಸರಳ ಸಂಗತಿ: ಇವು ಗಂಡ ಹೆಂಡತಿಯಾಗಿ ಬಾಳುವ ಪ್ರಾಣಿಗಳು, ಒಂದು ಗೂಡಿನಲ್ಲಿ ಪ್ರಾಯದ ಎರಡು ಹೆಣ್ಣು ಇರಬಾರದು. ಅದಕ್ಕಿಂತ ದೊಡ್ಡ ಗುಟ್ಟೆಂದರೆ, ದೊಡ್ಡ ಮರಿಗಳು ಮನೆಯಲ್ಲೇ ಉಳಿದು ತಮ್ಮಂದಿರನ್ನು, ತಂಗಿಯರನ್ನು ಬೆನ್ನ ಮೇಲೆ ಹೊತ್ತು ಬೆಳೆದರೆ ಮಾತ್ರ ಮುಂದೆ ತಾವೂ ಒಳ್ಳೆಯ ತಂದೆ ತಾಯಿಯಾಗುತ್ತವೆ. ಮೃಗಾಲಯಗಳು ಮರಿಗಳನ್ನು ಬೇಗನೆ ಬೇರೆ ಮಾಡಿ ಮಾರುತ್ತಿದ್ದದ್ದೇ ಅವುಗಳ ಬಾಳು ಕೆಡಲು ಕಾರಣವಾಗಿತ್ತು.

ಇದನ್ನು ಒಂದು ಮೃಗಾಲಯ ತಿಳಿದುಕೊಂಡರೆ ಸಾಲದು. ಕ್ಲೈಮನ್ ಮತ್ತು ಜೊತೆಗಾರರು ಟ್ಯಾಮರಿನ್ ಸಾಕುವ ಎಲ್ಲರಿಂದಲೂ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು: ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಸಮಿತಿ ಹೇಳಿದಲ್ಲಿಗೆ ಪ್ರಾಣಿಯನ್ನು ಕಳುಹಿಸಬೇಕು, ಹೇಳಿದಂತೆ ಸಾಕಬೇಕು. ಮುಂದೆ ಇನ್ನೂ ಒಂದು ಹೆಜ್ಜೆ. ಜಗತ್ತಿನ ಮೃಗಾಲಯಗಳಲ್ಲಿರುವ ಟ್ಯಾಮರಿನ್‌ಗಳ ಒಡೆತನ ಬ್ರೆಜಿಲ್ ಸರ್ಕಾರಕ್ಕೆ ಸೇರಿತು. ಸುಮಾರು 150 ಮೃಗಾಲಯಗಳು ಆ ಪ್ರಾಣಿಯನ್ನು ತಮ್ಮದೆನ್ನದೆ ಸಾಕಿದವು. ಟಿಕೆಟ್ ಮಾರಾಟದ ಬಗ್ಗೆ ಕೇಳಿದ್ದಿರಲ್ಲ, ಆ ಮೃಗಾಲಯಗಳೂ ಟಿಕೆಟ್ ಮಾರಿಯೇ ನಡೆಯುತ್ತವೆ. ಹಣ ಬರುವುದು ದೋಷವಲ್ಲ. ಪ್ರಾಣಿಗೇ ಬೆಲೆ ಕಟ್ಟಿ ಮಾರುವುದು ನಿಂತದ್ದರಿಂದ ಇಲ್ಲಿ ಎಲ್ಲವೂ ಸಾಧ್ಯವಾಯಿತು.

ಮೃಗಾಲಯದಲ್ಲಿ ಹುಟ್ಟಿದ ಟ್ಯಾಮರಿನ್‌ಗಳನ್ನು 1984ರಲ್ಲಿ ಬ್ರೆಜಿಲ್‌ನ ಕಾಡಿಗೆ ಬಿಡತೊಡಗಿದರು. ಮೊದಲು ಬಿಟ್ಟವುಗಳಲ್ಲಿ ಹೆಚ್ಚಿನವು ಸತ್ತವು. ಗೂಡಿನಲ್ಲಿ ಕಟ್ಟಿದ ಗಟ್ಟಿ ಮರದ ತುಂಡಿನ ಮೇಲೆ ಓಡಾಡಿ ಬೆಳೆದವುಗಳಿಗೆ ಕಾಲಿಟ್ಟರೆ ಬಾಗುವ ಕೊಂಬೆ ಎಂದರೆ ದಿಗಿಲು. ಎರಡು ಮರ ದಾಟಿ ಹೋದರೆ ಹಿಂದಿರುಗುವ ದಾರಿ ತಿಳಿಯದು. ಮೂಗಿನ ತುದಿಯಲ್ಲಿದ್ದ ಹುಳು ಕಾಣದು. ಆಮೇಲೆ ವಾಷಿಂಗ್ಟನ್ ಮೃಗಾಲಯದ ಮರಗಳ ಮೇಲೆಯೇ ಬೇಸಿಗೆಯಲ್ಲಿ ಕುಟುಂಬಗಳನ್ನು ಬಿಟ್ಟು ಅಭ್ಯಾಸ ಮಾಡಿಸಿದರು. ಕಾಡಿಗೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ಆಹಾರ, ಗೂಡು ಒದಗಿಸಿದರು. ಬಿಟ್ಟವುಗಳಿಗಿಂತ ಅವುಗಳಿಗೆ ಕಾಡಿನಲ್ಲಿ ಹುಟ್ಟಿದ ಮರಿಗಳು ಚುರುಕಾಗಿದ್ದವು. ಕಾಡು ಬಾಗುವ ಕೊಂಬೆಯ ಪಾಠವನ್ನು ಒಂದೇ ತಲೆಮಾರಿನಲ್ಲಿ ಕಲಿಸಿತು. ಇವೆಲ್ಲ ಬಹುಪಾಲು ನಡೆದದ್ದು ಖಾಸಗಿ ಜಮೀನುಗಳೊಳಗೆ ಉಳಿದಿದ್ದ ಕಾಡಿನ ತುಣುಕುಗಳಲ್ಲಿ. ದನ ಸಾಕುವ ಜಮೀನ್ದಾರರ ಮನವೊಲಿಸಿದ್ದು ಬೇರೆಯದೇ ಸಾಹಸ. 2014ರ ಹೊತ್ತಿಗೆ ಕಾಡಿನಲ್ಲಿ ಸುಮಾರು 3,700 ಟ್ಯಾಮರಿನ್‌ಗಳಿದ್ದವು. ನಂತರ ಹಳದಿ ಜ್ವರ ಬಂದು 2,500ಕ್ಕೆ ಇಳಿಯಿತು. ಕಾಡುಕೋತಿಗಳಿಗೆ ಲಸಿಕೆ ಹಾಕುವ ಕೆಲಸವೂ ನಡೆಯಿತು. 2023ರ ಎಣಿಕೆಯಲ್ಲಿ ಸುಮಾರು 4,800 ಆಗಿವೆ. ಇವುಗಳಲ್ಲಿ ಗಣನೀಯ ಪಾಲು ಮೃಗಾಲಯದಿಂದ ಹೋದವುಗಳ ವಂಶ.

ಒಂದೇ ಮೃಗಾಲಯ ಎಲ್ಲವನ್ನೂ ತಾನೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬಸವನಹುಳುವಿನ ಕಥೆಯಿದೆ. ಪೆಸಿಫಿಕ್ ಸಾಗರದ ತಾಹಿತಿ ಸುತ್ತಲಿನ ದ್ವೀಪಗಳಲ್ಲಿ ಪಾರ್ಟುಲಾ ಎಂಬ, ಉಗುರಿನಷ್ಟೇ ಗಾತ್ರದ ಬಸವನಹುಳುಗಳ ಹತ್ತಾರು ಪ್ರಭೇದಗಳಿದ್ದವು. ಬೆಳೆ ತಿನ್ನುತ್ತಿದ್ದ ದೊಡ್ಡ ಆಫ್ರಿಕನ್ ಬಸವನಹುಳುವನ್ನು ತಡೆಯಲೆಂದು 1970ರ ದಶಕದಲ್ಲಿ ಇನ್ನೊಂದು ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಅದು ದೊಡ್ಡದನ್ನು ಬಿಟ್ಟು ಪಾರ್ಟುಲಾಗಳನ್ನೇ ಮುಕ್ಕಿತು. ಉಳಿದ ಕೆಲವನ್ನು ವಿಜ್ಞಾನಿಗಳು ಪೆಟ್ಟಿಗೆಗಳಲ್ಲಿ ಹೊತ್ತು ತಂದು ಬ್ರಿಟನ್, ಅಮೆರಿಕದ ಮೃಗಾಲಯಗಳಿಗೆ ಹಂಚಿದರು. ಪಾರ್ಟುಲಾ ಟರ್ಜಿಡಾ ಎಂಬ ಪ್ರಭೇದ ಕೊನೆಗೆ ಉಳಿದದ್ದು ಲಂಡನ್ ಮೃಗಾಲಯದಲ್ಲಿ. ಪರಾವಲಂಬಿ ಜೀವಿಯೊಂದು ತಗುಲಿ 1996ರ ಜನವರಿಯಲ್ಲಿ ಅದರ ಕೊನೆಯ ಹುಳು ಸತ್ತಿತು, ಪ್ರಭೇದವೇ ಮುಗಿಯಿತು. ಹಲವು ಊರುಗಳಿಗೆ ಹಂಚಿಹೋಗಿದ್ದ ಬೇರೆ ಪ್ರಭೇದಗಳು ಬದುಕಿಕೊಂಡವು. 2015ರಿಂದ ಅವನ್ನು ಮರಳಿ ದ್ವೀಪಗಳಲ್ಲಿ ಬಿಡುತ್ತಿದ್ದಾರೆ. ಒಂದೊಂದು ಚಿಪ್ಪಿನ ಮೇಲೂ ರಾತ್ರಿ ಟಾರ್ಚ್ ಬೆಳಕಿಗೆ ಹೊಳೆಯುವ ಬಣ್ಣದ ಚುಕ್ಕೆ ಇಟ್ಟು ಕಳುಹಿಸುತ್ತಾರೆ. ಚುಕ್ಕೆಯಿಲ್ಲದ ದೊಡ್ಡ ಹುಳು ಸಿಕ್ಕರೆ ಅದು ಕಾಡಿನಲ್ಲೇ ಹುಟ್ಟಿ ಬೆಳೆದದ್ದೆಂದು ಖಾತ್ರಿ. ಪಾರ್ಟುಲಾ ತೊಹಿವಿಯಾನಾ ಎಂಬ ಪ್ರಭೇದದಲ್ಲಿ ಹಾಗೆ ಚುಕ್ಕೆಯಿಲ್ಲದವು ಸಿಕ್ಕವು. 2024ರಲ್ಲಿ ಅದನ್ನು ‘ಕಾಡಿನಲ್ಲಿ ಅಳಿದದ್ದು’ ಎಂಬ ಪಟ್ಟಿಯಿಂದ ತೆಗೆದರು. ಆನೆ, ಹುಲಿಗಳ ಮಾತೇ ಆಡುವ ನಾವು ಇಂಥದ್ದನ್ನೂ ಸ್ವಲ್ಪ ಕೇಳಬೇಕು. ಬಸವನಹುಳು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಇನ್ನು ನಮ್ಮ ದೇಶಕ್ಕೆ ಬರುತ್ತೇನೆ. ಯುರೋಪ್, ಅಮೆರಿಕದಲ್ಲಿ ಮಾನ್ಯತೆ ಎಂದರೆ ಮೃಗಾಲಯಗಳೇ ಕಟ್ಟಿಕೊಂಡ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು. ಅಮೆರಿಕದಲ್ಲಿ ಪ್ರಾಣಿ ಪ್ರದರ್ಶನಕ್ಕೆ ಪರವಾನಗಿ ಇರುವವರಲ್ಲಿ ಹತ್ತರಲ್ಲಿ ಒಬ್ಬರಿಗೂ ಆ ಮಾನ್ಯತೆ ಇಲ್ಲ. ನಮ್ಮಲ್ಲಿ ಮಾನ್ಯತೆ ಕಾನೂನಿನದೇ. 1992ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆಯಿಲ್ಲದೆ ಮೃಗಾಲಯ ನಡೆಸುವಂತಿಲ್ಲ. ಅದರ ಅನುಮತಿಯಿಲ್ಲದೆ ಸಂರಕ್ಷಿತ ಪ್ರಾಣಿಯನ್ನು ಇನ್ನೊಂದು ಮೃಗಾಲಯಕ್ಕೆ ಕೊಡುವಂತೆಯೂ ಇಲ್ಲ. ಪ್ರಾಧಿಕಾರ ಪ್ರತಿ ಪ್ರಭೇದಕ್ಕೆ ಒಂದು ಸಂಯೋಜಕ ಮೃಗಾಲಯ, ಕೆಲವು ಸಹಭಾಗಿ ಮೃಗಾಲಯಗಳು ಎಂದು ಗೊತ್ತುಮಾಡುತ್ತದೆ. ಏಷ್ಯಾ ಸಿಂಹಕ್ಕೆ ಜುನಾಗಢದ ಸಕ್ಕರ್‌ಬಾಗ್, ಕೆಂಪು ಪಾಂಡಾಗೆ ಡಾರ್ಜಿಲಿಂಗ್, ಸಿಂಗಳೀಕಕ್ಕೆ ಚೆನ್ನೈ ಬಳಿಯ ವಂಡಲೂರು. ನಮ್ಮ ಪಿಲಿಕುಳದಲ್ಲಿ ಕಾಳಿಂಗ ಸರ್ಪದ ಮೊಟ್ಟೆ ಮರಿಯಾದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ವಂಶಾವಳಿ ಪುಸ್ತಕಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಕೈಜೋಡಿಸಿದೆ. ವ್ಯವಸ್ಥೆ ಕಾಗದದ ಮೇಲೆ ಗಟ್ಟಿಯಾಗಿದೆ. ಎಡವುವುದು ದಾಖಲೆಯಲ್ಲಿ, ಮತ್ತು ಮೇಲಿಂದ ಮೇಲೆ ವರ್ಗವಾಗುವ ಅಧಿಕಾರಿಗಳಿಂದ. ಇಪ್ಪತ್ತು ವರ್ಷ ಬದುಕುವ ಪ್ರಾಣಿಯ ಯೋಜನೆಯನ್ನು ಎರಡು ವರ್ಷ ಕೂರುವವರು ನಡೆಸಬೇಕು.

ದಾಖಲೆ ತಪ್ಪಿದರೆ ಆಗುವ ಅನಾಹುತಕ್ಕೆ ಸಿಂಹವೇ ಸಾಕ್ಷಿ. ಅಮೆರಿಕದ ಮೃಗಾಲಯಗಳು ಏಷ್ಯಾ ಸಿಂಹಕ್ಕೆಂದು ದೊಡ್ಡ ಕಾರ್ಯಕ್ರಮ ನಡೆಸುತ್ತಿದ್ದವು. 1980ರ ದಶಕದಲ್ಲಿ ಆನುವಂಶಿಕ ಪರೀಕ್ಷೆ ಮಾಡಿದಾಗ ಆ ಹಿಂಡಿನ ಐದು ಮೂಲ ಪ್ರಾಣಿಗಳಲ್ಲಿ ಎರಡಕ್ಕೆ ಆಫ್ರಿಕದ ರಕ್ತವಿತ್ತು. ವರ್ಷಗಳ ಶ್ರಮ ಅಲ್ಲಿಗೇ ನಿಂತಿತು. ಯುರೋಪಿನವರು ಹೊಸದಾಗಿ ಶುರುಮಾಡಿದಾಗ ಸಕ್ಕರ್‌ಬಾಗ್‌ನಿಂದಲೇ ಸಿಂಹಗಳನ್ನು ಪಡೆದರು. ಬಿಳಿ ಹುಲಿಯ ಮಾತು ಇನ್ನೂ ಕಹಿ. 1951ರಲ್ಲಿ ಮಧ್ಯಪ್ರದೇಶದ ರೇವಾದಲ್ಲಿ ಸಿಕ್ಕ ಮೋಹನ್ ಎಂಬ ಗಂಡುಮರಿ, ಮುಂದೆ ಅದರದೇ ಮಗಳು ರಾಧಾ, ಈ ತಂದೆ ಮಗಳ ಕೂಟದಿಂದ ಬಿಳಿ ಹುಲಿಯ ಸಂತಾನ ಬೆಳೆಯಿತು. ಅದು ಪ್ರತ್ಯೇಕ ಪ್ರಭೇದವಲ್ಲ. ಬಣ್ಣದ ಒಂದು ದೋಷ. ಬಿಳಿ ಹುಲಿ ಮರಿ ಹಾಕಿತೆಂದು ಪತ್ರಿಕೆಗಳು ಸಂಭ್ರಮಿಸಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ನಿಮ್ಮ ಮಕ್ಕಳಿಗೆ ಇದೊಂದನ್ನು ದಯವಿಟ್ಟು ಹೇಳಿ: ಬಿಳಿ ಹುಲಿ ಸಂರಕ್ಷಣೆಯಲ್ಲ.

ಸಹಕಾರಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಅರ್ಧ ಸತ್ಯವಾಗುತ್ತದೆ. 2014ರ ಫೆಬ್ರುವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯ ಮಾರಿಯಸ್ ಎಂಬ ಒಂದೂವರೆ ವರ್ಷದ ಆರೋಗ್ಯವಂತ ಜಿರಾಫೆಯನ್ನು ಕೊಂದು, ಜನರೆದುರು ಕತ್ತರಿಸಿ, ಮಾಂಸವನ್ನು ಸಿಂಹಗಳಿಗೆ ಹಾಕಿತು. ಕಾರಣ? ಅದರ ಅಣ್ಣತಮ್ಮಂದಿರ ರಕ್ತ ಹಿಂಡಿನಲ್ಲಿ ಆಗಲೇ ಬೇಕಾದಷ್ಟಿತ್ತು. ಬೇರೆ ಕಡೆಗಳಿಂದ ಕೊಳ್ಳುತ್ತೇವೆ, ಸಾಕುತ್ತೇವೆ ಎಂಬ ಕೋರಿಕೆಗಳು ಬಂದಿದ್ದವು, ಮೃಗಾಲಯ ಒಪ್ಪಲಿಲ್ಲ. ಯುರೋಪಿನ ಮೃಗಾಲಯಗಳ ಒಕ್ಕೂಟ ಅದರ ಬೆನ್ನಿಗೆ ನಿಂತಿತು. ಅಮೆರಿಕದವರು ಸಾಮಾನ್ಯವಾಗಿ ಗರ್ಭನಿರೋಧಕ ಕೊಡುತ್ತಾರೆ. ಪ್ರಾಣಿಗೆ ಮರಿ ಹಾಕಿ ಸಾಕುವ ಸುಖ ಇರಲಿ, ಹೆಚ್ಚಾದವನ್ನು ನೋವಿಲ್ಲದೆ ಕೊಲ್ಲೋಣ ಎಂಬುದು ಡೆನ್ಮಾರ್ಕ್‌ನವರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಮಕ್ಕಳಿಗೆ ಹೆಸರಿಟ್ಟು ತೋರಿಸಿದ ಪ್ರಾಣಿಯನ್ನು ಲೆಕ್ಕದ ಪುಸ್ತಕ ನೋಡಿ ಕೊಲ್ಲುವುದನ್ನು ನಮ್ಮ ಸಮಾಜ ಒಪ್ಪಲಾರದು, ಒಪ್ಪಬೇಕಾಗಿಯೂ ಇಲ್ಲ. ಗಂಡುಗಳಿಗಾಗಿಯೇ ಆವರಣ ಕಟ್ಟುವ ದುಬಾರಿ ದಾರಿಯೇ ನನಗೆ ಮೇಲೆನಿಸುತ್ತದೆ.

ಕಾಡಿಗೆ ಮರಳಿದ್ದುಂಟೇ ಎಂದಿರಿ. ಟ್ಯಾಮರಿನ್ ಹೇಳಿಯಾಯಿತು. ಹೈದರಾಬಾದಿನ ನೆಹರು ಮೃಗಾಲಯದಲ್ಲಿ ಹೆಚ್ಚಿಸಿದ, ಮೊಲದ ಗಾತ್ರದ ಮೌಸ್ ಡಿಯರ್‌ಗಳನ್ನು ತೆಲಂಗಾಣದ ಅಮ್ರಾಬಾದ್ ಕಾಡಿಗೆ ಬಿಟ್ಟಿದ್ದಾರೆ. ಆದರೆ ಹೆಚ್ಚು ಕಲಿಸುವುದು ಅರೇಬಿಯದ ಓರಿಕ್ಸ್ ಎಂಬ ಹುಲ್ಲೆ. 1962ರಲ್ಲಿ ಏಡನ್ ಕಡೆಯ ಮರಳುಗಾಡಿನಲ್ಲಿ ಹಿಡಿದ ಮೂರು ಓರಿಕ್ಸ್‌ಗಳ ಜೊತೆ ಲಂಡನ್ ಮೃಗಾಲಯ ಒಂದನ್ನು ಕೊಟ್ಟಿತು, ಕುವೈತ್ ಒಂದನ್ನು, ಸೌದಿ ದೊರೆ ನಾಲ್ಕನ್ನು. ಈ ಒಂಬತ್ತು ಅಮೆರಿಕದ ಫೀನಿಕ್ಸ್ ನಗರದ ಮೃಗಾಲಯದಲ್ಲಿ ‘ವಿಶ್ವ ಹಿಂಡು’ ಎನಿಸಿಕೊಂಡವು. ಕಾಡಿನ ಕೊನೆಯ ಓರಿಕ್ಸ್ 1972ರಲ್ಲಿ ಒಮಾನ್‌ನಲ್ಲಿ ಗುಂಡಿಗೆ ಬಲಿಯಾಯಿತು. ಹತ್ತು ವರ್ಷದ ನಂತರ ಅದೇ ಒಮಾನ್‌ನ ಮರಳಿಗೆ ಮೃಗಾಲಯದ ಸಂತತಿ ಮರಳಿತು, ನಾನೂರರವರೆಗೂ ಬೆಳೆಯಿತು. 1996ರಿಂದ ಕಳ್ಳಬೇಟೆ ಮತ್ತೆ ಶುರುವಾಯಿತು. ಜೀವಂತ ಹೆಣ್ಣುಗಳನ್ನು ಹಿಡಿದು ಶ್ರೀಮಂತರಿಗೆ ಮಾರಿದರು. ಹಿಂಡು ಕುಸಿಯಿತು, ಸರ್ಕಾರ ಅಭಯಾರಣ್ಯದ ಶೇ 90ರಷ್ಟನ್ನು ಕತ್ತರಿಸಿತು. 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆಯಿತು. ಹಾಗೆ ತೆಗೆದದ್ದು ಅದೇ ಮೊದಲು. ಅಷ್ಟರಲ್ಲಿ ಸೌದಿ, ಇಸ್ರೇಲ್ ಮೊದಲಾದ ಕಡೆ ಬೇರೆ ಹಿಂಡುಗಳಿದ್ದವು. ಹಾಗಾಗಿ 2011ರಲ್ಲಿ ಪ್ರಭೇದದ ಸ್ಥಿತಿ ಒಂದು ಮೆಟ್ಟಿಲು ಸುಧಾರಿಸಿದೆ ಎಂದು ಘೋಷಿಸಿದರು.

ಕಾಡಿನಲ್ಲಿ ಕೊಲ್ಲುವ ಕಾರಣ ತೊಲಗದಿದ್ದರೆ ಬಿಟ್ಟ ಪ್ರಾಣಿ ಉಳಿಯುವುದಿಲ್ಲ. ನಮ್ಮ ರಣಹದ್ದಿನ ವಿಷಯದಲ್ಲೂ ಇದೇ ತರ್ಕ. ಹರಿಯಾಣದ ಪಿಂಜೋರ್‌ನಲ್ಲಿ, ಆಮೇಲೆ ಭೋಪಾಲ್, ಹೈದರಾಬಾದ್ ಮುಂತಾದ ಕಡೆಗಳ ಮೃಗಾಲಯಗಳಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ಹದ್ದು ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯೇ ಅವುಗಳನ್ನು ಕೊಲ್ಲುತ್ತಿದೆ ಎಂದು 2004ರಲ್ಲಿ ಸಾಬೀತಾಗಿ, 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸದೆ ಇದ್ದಿದ್ದರೆ, ಎಷ್ಟು ಮರಿ ಬಿಟ್ಟರೂ ಅವು ಮುಂದಿನ ಹೆಣದ ಮೇಲೆ ಕೂತು ಸಾಯುತ್ತಿದ್ದವು.

ಕೊನೆಗೆ ಸಿಂಗಳೀಕ. ಇದು ಪಶ್ಚಿಮಘಟ್ಟದ್ದೇ ಪ್ರಾಣಿ, ಲೋಕದಲ್ಲಿ ಬೇರೆಲ್ಲೂ ಇಲ್ಲ. ಆದರೂ 1980ರ ದಶಕದಿಂದ ಇದರ ವ್ಯವಸ್ಥಿತ ಸಾಕಣೆ ನಡೆದದ್ದು ಹೆಚ್ಚಾಗಿ ಅಮೆರಿಕ, ಯುರೋಪಿನಲ್ಲಿ. ಅಮೆರಿಕದಲ್ಲಿ ಹಿಂಡು ಚೆನ್ನಾಗಿ ಬೆಳೆಯಿತು. ಜಾಗ ಸಾಲದೆಂದು ಮರಿ ಹುಟ್ಟುವುದನ್ನು ತಡೆದರು. ಕೆಲವು ವರ್ಷದ ನಂತರ ಮತ್ತೆ ಮರಿ ಬೇಕೆನಿಸಿದಾಗ ಹೆಣ್ಣುಗಳಿಗೆ ವಯಸ್ಸಾಗಿತ್ತು, ಬಹುಕಾಲ ಹೆರದೆ ಉಳಿದವು ಹೆರಲೇ ಇಲ್ಲ. ಹಿಂಡು ಕುಗ್ಗುತ್ತಾ ಬಂತು. ಜರ್ಮನಿಯ ಕೊಲೋನ್ ಮೃಗಾಲಯದಲ್ಲಿದ್ದು ಯುರೋಪಿನ ಸಿಂಗಳೀಕ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ವರ್ನರ್ ಕೌಮನ್ಸ್ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಇದನ್ನು ಒಟ್ಟಾಗಿ ಅಧ್ಯಯನ ಮಾಡಿದರು. ನಿಮ್ಮ ಊರಿನ ಮಾನಸಗಂಗೋತ್ರಿಯೂ ಈ ಜಾಗತಿಕ ಸಹಕಾರದ ಒಂದು ತುದಿ. ಲೆಕ್ಕದ ಪುಸ್ತಕ ಒಂದನ್ನೇ ನೋಡಿ ಸಂತಾನ ನಡೆಸಿದರೆ ಸಾಲದು, ಕಾಡಿನಲ್ಲಿ ಆ ಪ್ರಾಣಿ ಹೇಗೆ ಬಾಳುತ್ತದೋ ಹಾಗೆ ಬಾಳಗೊಡಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಸಿಂಗಳೀಕದ ಹೆಣ್ಣು ಹುಟ್ಟಿದ ಗುಂಪು ಬಿಟ್ಟು ಹೋಗುವುದಿಲ್ಲ. ತಾಯಿ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಒಂದೇ ಕಡೆ. ಹೊರಗೆ ಹೋಗುವುದು ಗಂಡು. ಹಾಗಿದ್ದ ಮೇಲೆ ವಿನಿಮಯದ ಹೆಸರಿನಲ್ಲಿ ಹೆಣ್ಣನ್ನು ಕಿತ್ತು ಇನ್ನೊಂದು ಊರಿಗೆ ಕಳುಹಿಸಿದರೆ ಎರಡೂ ಗುಂಪು ಕೆಡುತ್ತವೆ. ಗಂಡನ್ನು ಸಾಗಿಸಿದರೆ ಪ್ರಕೃತಿ ಮಾಡುವುದನ್ನೇ ಲಾರಿ ಮಾಡುತ್ತದೆ. ನಮ್ಮ ಮೃಗಾಲಯಗಳಲ್ಲಿ ಸಿಂಗಳೀಕಗಳನ್ನು ಒಂಟಿಯಾಗಿ, ಜೋಡಿಯಾಗಿ ಇಟ್ಟ ಕಾಲವಿತ್ತು. ಮರಿ ಆಗದಿದ್ದರೆ ಆಹಾರದ ಮೇಲೆ ತಪ್ಪು ಹೊರಿಸುತ್ತಿದ್ದರು. ವಂಡಲೂರು, ಮೈಸೂರು, ತಿರುವನಂತಪುರ ಮೃಗಾಲಯಗಳು ಒಟ್ಟಾಗಿ ನಡೆಸುವ ಕಾರ್ಯಕ್ರಮದಲ್ಲಿ ಈಗ ಗುಂಪಾಗಿ ಇಡುವ ಕ್ರಮಕ್ಕೆ ಬೆಲೆ ಬಂದಿದೆ.

ಅವನ್ನು ಕಾಡಿಗೆ ಬಿಡುವರೇ? ಸದ್ಯಕ್ಕೆ ಬೇಡ, ಎನ್ನುತ್ತೇನೆ. ಸಿಂಗಳೀಕ ಇನ್ನೂ ಕಾಡಿನಲ್ಲಿದೆ. ಮನುಷ್ಯರ ಒಡನಾಟದಲ್ಲಿ ಬೆಳೆದ ಕೋತಿ ಕ್ಷಯದಂಥ ರೋಗವನ್ನು ಹೊತ್ತೊಯ್ದರೆ ಇರುವ ಗುಂಪಿಗೂ ಕುತ್ತು. ಶಿರಸಿ–ಹೊನ್ನಾವರದ ಕಾಡುಗಳಲ್ಲಿ ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಮೂವತ್ತಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದ ಮೇಲೆ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಘೋಷಣೆಯಾದವು. ಈಗ ಅದೇ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾವವಿದೆ, ಅದರ ಮೇಲೆ ಜಗಳವೂ ನಡೆದಿದೆ. ಮರದಿಂದ ಮರಕ್ಕೆ ಹೋಗುವ, ನೆಲಕ್ಕೆ ಇಳಿಯಲು ಹಿಂಜರಿಯುವ ಪ್ರಾಣಿಗೆ ಒಂದು ರಸ್ತೆಯ ಅಗಲದಷ್ಟು ಮರ ಹೋದರೂ ಗುಂಪು ಎರಡಾಗುತ್ತದೆ. ಹಾಗೆ ಎರಡಾದ ಗುಂಪುಗಳ ನಡುವೆ ಗಂಡುಗಳನ್ನು ಕೈಯಾರೆ ಸಾಗಿಸಬೇಕಾದ ದಿನ ಬಂದರೆ, ವಂಡಲೂರಿನಲ್ಲೂ ಮೈಸೂರಿನಲ್ಲೂ ಇಂದು ಬರೆದಿಡುತ್ತಿರುವ ಪುಸ್ತಕವನ್ನೇ ತೆರೆಯಬೇಕಾಗುತ್ತದೆ. ನಿಮ್ಮ ವಿದ್ಯಾರ್ಥಿನಿ ಮುಂದಿನ ಸಲ ಬಂದಾಗ ಸಿಂಗಳೀಕದ ಆವರಣದೆದುರು ನಿಂತು, ಇಲ್ಲಿ ಹೆಣ್ಣುಗಳು ಒಂದೇ ಕುಟುಂಬದವೇ ಎಂದು ಪಾಲಕರನ್ನು ಕೇಳಲಿ. ಅವರಿಗೆ ಉತ್ತರ ಗೊತ್ತಿರುತ್ತದೆ, ಕೇಳುವವರೇ ಕಡಿಮೆ.